ಎಡ್ವರ್ಡ್ ಶಾರ್ಟ್‌ಲಿಫ್: ತಜ್ಞರನ್ನು ಮೀರಿಸಿಯೂ ವಾರ್ಡ್ ಪ್ರವೇಶಿಸದ ‘ಮೈಸಿನ್’ ಮತ್ತು ಅದರ ನಿರ್ಮಾತೃ

ವೈದ್ಯಕೀಯ ಕ್ಷೇತ್ರದಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ ಕುರಿತ ಚರ್ಚೆ ಇಂದು ನಿನ್ನೆಯದಲ್ಲ. ಅರ್ಧ ಶತಮಾನದ ಹಿಂದೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿಯೊಬ್ಬರು ರೂಪಿಸಿದ ಕಂಪ್ಯೂಟರ್ ಪ್ರೋಗ್ರಾಮ್ ಒಂದು, ಸೋಂಕು ರೋಗಕ್ಕೆ ಔಷಧ ಸೂಚಿಸುವ ಪರೀಕ್ಷೆಯಲ್ಲಿ ಅದೇ ವಿಶ್ವವಿದ್ಯಾಲಯದ ತಜ್ಞ ಪ್ರಾಧ್ಯಾಪಕರಿಗಿಂತ ಹೆಚ್ಚಿನ ಅಂಕ ಗಳಿಸಿತ್ತು. ಆದರೂ ಆ ಪ್ರೋಗ್ರಾಮ್ ಆಸ್ಪತ್ರೆಯ ನಿತ್ಯದ ಚಿಕಿತ್ಸೆಗೆ ಎಂದೂ ಬಳಕೆಯಾಗಲಿಲ್ಲ.

ಆ ಪ್ರೋಗ್ರಾಮಿನ ಹೆಸರು ‘ಮೈಸಿನ್’. ಅದನ್ನು ರೂಪಿಸಿದವರು ಎಡ್ವರ್ಡ್ ಶಾರ್ಟ್‌ಲಿಫ್. ಉತ್ತರ ಸರಿಯಾಗಿದ್ದ ಮಾತ್ರಕ್ಕೆ ವೈದ್ಯರು ಯಂತ್ರವನ್ನು ಸ್ವೀಕರಿಸುವುದಿಲ್ಲ ಎಂಬ ಪಾಠವನ್ನು ಕಲಿತು, ಮುಂದಿನ ನಾಲ್ಕು ದಶಕಗಳ ಕಾಲ ಅದನ್ನೇ ಕಲಿಸಿದವರು ಅವರು. ರೋಗ ನಿದಾನ ಮಾಡುವ ತಂತ್ರಾಂಶಗಳು ನಮ್ಮ ಆಸ್ಪತ್ರೆಗಳಿಗೂ ಕಾಲಿಡುತ್ತಿರುವ ಈ ಹೊತ್ತಿನಲ್ಲಿ ಅವರ ವೃತ್ತಿಜೀವನವನ್ನು ಅವಲೋಕಿಸುವುದು ಉಪಯುಕ್ತ.

ಗಣಿತದಿಂದ ವೈದ್ಯಕೀಯಕ್ಕೆ

ಶಾರ್ಟ್‌ಲಿಫ್ ಜನಿಸಿದ್ದು 1947ರಲ್ಲಿ, ಕೆನಡಾದಲ್ಲಿ. ಆಪ್ತರ ವಲಯದಲ್ಲಿ ಅವರು ‘ಟೆಡ್’ ಎಂದೇ ಪರಿಚಿತರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಗಣಿತವನ್ನು ಅಭ್ಯಾಸ ಮಾಡಿ 1970ರಲ್ಲಿ ಪದವಿ ಪಡೆದರು. ವಿದ್ಯಾರ್ಥಿ ದೆಸೆಯಲ್ಲಿಯೇ ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, ಆಸ್ಪತ್ರೆ ಗಣಕೀಕರಣದ ಹರಿಕಾರರಲ್ಲಿ ಒಬ್ಬರಾದ ಆಕ್ಟೋ ಬಾರ್ನೆಟ್ ಅವರ ಪ್ರಯೋಗಾಲಯದ ಸಂಪರ್ಕಕ್ಕೆ ಬಂದರು. ಕಂಪ್ಯೂಟರ್ ಮತ್ತು ವೈದ್ಯಕೀಯ ಎರಡನ್ನೂ ಒಟ್ಟಿಗೆ ಅಭ್ಯಾಸ ಮಾಡಬೇಕೆಂಬ ಅವರ ಬಯಕೆ ಗಟ್ಟಿಯಾದದ್ದು ಅಲ್ಲಿ.

ಆಗ ಎರಡೂ ವಿದ್ಯೆಗಳನ್ನು ಜೊತೆಯಾಗಿ ಕಲಿಯಲು ಅವಕಾಶವಿದ್ದ ಸಂಸ್ಥೆಗಳು ವಿರಳ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಆ ಅವಕಾಶ ನೀಡಿತು. ವೈದ್ಯ ಪದವಿಯ ವ್ಯಾಸಂಗದ ಜೊತೆಜೊತೆಗೇ ‘ವೈದ್ಯಕೀಯ ಮಾಹಿತಿ ವಿಜ್ಞಾನ’ ಎಂಬ ವಿಷಯದಲ್ಲಿ ಸಂಶೋಧನೆ ಕೈಗೊಂಡ ಶಾರ್ಟ್‌ಲಿಫ್, 1975ರಲ್ಲಿ ಡಾಕ್ಟರೇಟ್ ಹಾಗೂ 1976ರಲ್ಲಿ ವೈದ್ಯ ಪದವಿ ಪಡೆದರು. ಅವರ ಮಹಾಪ್ರಬಂಧದ ವಸ್ತುವೇ ಮೈಸಿನ್.

ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿಗೆ ದೊರೆತ ಮಾರ್ಗದರ್ಶಕರು ಸಾಮಾನ್ಯರಲ್ಲ. ಔಷಧ ವಿಜ್ಞಾನದ ಕಡೆಯಿಂದ ಸ್ಟ್ಯಾನ್ಲಿ ಕೊಹೆನ್ ಇದ್ದರು. 1973ರಲ್ಲಿ ಹರ್ಬರ್ಟ್ ಬೋಯರ್ ಜೊತೆಗೂಡಿ ವಂಶವಾಹಿ ಜೋಡಣೆಯ ತಂತ್ರವನ್ನು ಜಗತ್ತಿಗೆ ತೋರಿಸಿಕೊಟ್ಟ ವಿಜ್ಞಾನಿ ಇವರೇ. ಕೃತಕ ಬುದ್ಧಿಮತ್ತೆಯ ಕಡೆಯಿಂದ ಬ್ರೂಸ್ ಬುಕಾನನ್ ಇದ್ದರು. ಎಡ್ವರ್ಡ್ ಫೈಗೆನ್‌ಬಾಮ್, ಜೋಶುವಾ ಲೆಡರ್‌ಬರ್ಗ್ ಮೊದಲಾದವರೊಡನೆ ಸೇರಿ, ರಾಸಾಯನಿಕ ಅಣುಗಳ ರಚನೆಯನ್ನು ಊಹಿಸುವ ‘ಡೆಂಡ್ರಾಲ್’ ಪ್ರೋಗ್ರಾಮನ್ನು ಬೆಳೆಸಿದವರು ಬುಕಾನನ್. ಸೋಂಕು ರೋಗಗಳ ಪರಿಣತಿಯನ್ನು ಸ್ಟಾಂಟನ್ ಆಕ್ಸ್‌ಲೈನ್ ಒದಗಿಸಿದರು.

ಆಂಟಿಬಯೋಟಿಕ್ ಆಯ್ಕೆಯ ಸಮಸ್ಯೆ

ಮೈಸಿನ್ ಎಂಬ ಹೆಸರೇ ಅದರ ಉದ್ದೇಶವನ್ನು ಹೇಳುತ್ತದೆ. ಸ್ಟ್ರೆಪ್ಟೊಮೈಸಿನ್, ಎರಿಥ್ರೊಮೈಸಿನ್ ಮುಂತಾದ ಅನೇಕ ಆಂಟಿಬಯೋಟಿಕ್ ಔಷಧಗಳ ಹೆಸರಿನ ಕೊನೆಯ ಭಾಗವದು.

ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿದ ರೋಗಿ ಆಸ್ಪತ್ರೆಗೆ ಬಂದಾಗ ವೈದ್ಯರು ಒಂದು ಇಕ್ಕಟ್ಟನ್ನು ಎದುರಿಸುತ್ತಾರೆ. ಸೋಂಕಿಗೆ ಕಾರಣವಾದ ಬ್ಯಾಕ್ಟೀರಿಯಾ ಯಾವುದೆಂದು ತಿಳಿಯಲು ರಕ್ತದ ಮಾದರಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಬೇಕು. ಅದಕ್ಕೆ ಒಂದೆರಡು ದಿನಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಕಾದರೆ ರೋಗಿಯ ಪ್ರಾಣಕ್ಕೇ ಸಂಚಕಾರ. ಹೀಗಾಗಿ ಲಭ್ಯವಿರುವ ಅರೆಬರೆ ಮಾಹಿತಿಯ ಆಧಾರದ ಮೇಲೆಯೇ ಔಷಧ ಆರಂಭಿಸಬೇಕಾಗುತ್ತದೆ. ತಪ್ಪು ಔಷಧ ಕೊಟ್ಟರೆ ಸೋಂಕು ಉಲ್ಬಣಿಸುತ್ತದೆ. ಯಾವುದಕ್ಕೂ ಇರಲಿ ಎಂದು ಹಲವು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಅಡ್ಡಪರಿಣಾಮಗಳ ಜೊತೆಗೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹುಟ್ಟಿಕೊಳ್ಳುತ್ತವೆ.

1970ರ ದಶಕದ ಆರಂಭದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಆಂಟಿಬಯೋಟಿಕ್‌ಗಳ ವಿವೇಚನಾರಹಿತ ಬಳಕೆ ಆತಂಕಕ್ಕೆ ಕಾರಣವಾಗಿತ್ತು. ಸೋಂಕು ರೋಗ ತಜ್ಞರ ಸಲಹೆ ಎಲ್ಲ ವೈದ್ಯರಿಗೂ ಎಲ್ಲ ವೇಳೆಯಲ್ಲೂ ಸಿಗುವಂತಿರಲಿಲ್ಲ. ತಜ್ಞರ ಆ ಜ್ಞಾನವನ್ನು ಕಂಪ್ಯೂಟರಿನಲ್ಲಿ ಅಡಕಗೊಳಿಸಿ, ಬೇಕೆಂದಾಗ ಸಲಹೆ ದೊರೆಯುವಂತೆ ಮಾಡಬಹುದೇ ಎಂಬುದು ಶಾರ್ಟ್‌ಲಿಫ್ ಮುಂದಿದ್ದ ಪ್ರಶ್ನೆಯಾಗಿತ್ತು.

‘ಹೀಗಿದ್ದರೆ ಹೀಗೆ’: ನಿಯಮಗಳ ಜಾಲ

ತಜ್ಞ ವೈದ್ಯರು ರೋಗಿಯ ಬಗ್ಗೆ ಯೋಚಿಸುವ ಬಗೆಯನ್ನು ಶಾರ್ಟ್‌ಲಿಫ್ ಮತ್ತು ಅವರ ಸಹೋದ್ಯೋಗಿಗಳು ‘ಹೀಗಿದ್ದರೆ ಹೀಗೆ’ ಎಂಬ ಸ್ವರೂಪದ ನಿಯಮಗಳಾಗಿ ಬರೆದುಕೊಂಡರು. ಉದಾಹರಣೆಗೆ, ಸೋಂಕು ರಕ್ತದಲ್ಲಿಯೇ ಮೊದಲಾಗಿದ್ದು, ಮಾದರಿಯನ್ನು ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಇರದ ಭಾಗದಿಂದ ತೆಗೆದಿದ್ದು, ಬ್ಯಾಕ್ಟೀರಿಯಾ ಜೀರ್ಣಾಂಗದ ಮೂಲಕ ಒಳಹೊಕ್ಕಿರುವ ಶಂಕೆಯಿದ್ದರೆ, ಅದು ‘ಬ್ಯಾಕ್ಟೀರಾಯ್ಡಿಸ್’ ಕುಲಕ್ಕೆ ಸೇರಿದ್ದು ಎನ್ನಲು 0.7ರಷ್ಟು ಪುರಾವೆಯಿದೆ ಎಂಬುದು ಅಂತಹ ಒಂದು ನಿಯಮದ ತಿರುಳು. ಇಂತಹ ನೂರಾರು ನಿಯಮಗಳು ಮೈಸಿನ್‌ನಲ್ಲಿದ್ದವು.

ಈ ಪ್ರೋಗ್ರಾಮ್ ಹಿಂದಿನಿಂದ ಮುಂದಕ್ಕೆ ತರ್ಕಿಸುತ್ತಿತ್ತು. ಅಂದರೆ, ಚಿಕಿತ್ಸೆ ಬೇಕಾದ ಸೋಂಕು ಇದೆಯೇ ಎಂಬ ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಂಡು, ಅದಕ್ಕೆ ಉತ್ತರಿಸಲು ಯಾವ ಯಾವ ಸಂಗತಿಗಳು ತಿಳಿಯಬೇಕೆಂದು ನಿಯಮಗಳಲ್ಲಿ ಹುಡುಕುತ್ತಿತ್ತು. ನಿಯಮಗಳಿಂದ ತಿಳಿಯಲಾಗದ ಸಂಗತಿಯನ್ನು ಮಾತ್ರ ವೈದ್ಯರನ್ನು ಕೇಳುತ್ತಿತ್ತು. ರೋಗಿಯ ವಯಸ್ಸು, ಜ್ವರ, ಮಾದರಿ ತೆಗೆದ ಜಾಗ, ಬಣ್ಣ ಹಾಕಿ ನೋಡಿದಾಗ ಬ್ಯಾಕ್ಟೀರಿಯಾ ಕಂಡ ಬಗೆ ಹೀಗೆ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತಿದ್ದವು. ಕೊನೆಯಲ್ಲಿ, ಸಂಭವನೀಯ ಬ್ಯಾಕ್ಟೀರಿಯಾಗಳೆಲ್ಲವನ್ನೂ ನಿಯಂತ್ರಿಸಬಲ್ಲ ಕನಿಷ್ಠ ಸಂಖ್ಯೆಯ ಔಷಧಗಳನ್ನು ಆಯ್ದು, ರೋಗಿಯ ಅಲರ್ಜಿ ಹಾಗೂ ಮೂತ್ರಪಿಂಡದ ಸ್ಥಿತಿಯನ್ನು ಗಮನದಲ್ಲಿಟ್ಟುಕೊಂಡು ಪ್ರಮಾಣವನ್ನು ಸೂಚಿಸುತ್ತಿತ್ತು.

ವೈದ್ಯಕೀಯದಲ್ಲಿ ಹೌದು, ಅಲ್ಲ ಎಂಬ ಖಚಿತ ಉತ್ತರಗಳು ಕಡಿಮೆ. ಆದಕಾರಣ ಶಾರ್ಟ್‌ಲಿಫ್ ಮತ್ತು ಬುಕಾನನ್ ‘ಖಚಿತತೆಯ ಅಂಶ’ ಎಂಬ ಲೆಕ್ಕಾಚಾರವನ್ನು ರೂಪಿಸಿ 1975ರಲ್ಲಿ ಪ್ರಕಟಿಸಿದರು. ಪೂರ್ಣ ಅಲ್ಲಗಳೆಯುವಿಕೆಗೆ –1, ಪೂರ್ಣ ಖಾತ್ರಿಗೆ +1. ಒಂದೇ ತೀರ್ಮಾನವನ್ನು ಬೆಂಬಲಿಸುವ ಎರಡು ಪುರಾವೆಗಳು ದೊರೆತರೆ, ಮೊದಲನೆಯದರ ನಂತರ ಉಳಿದ ಅನುಮಾನದಲ್ಲಿ ಎರಡನೆಯದು ತನ್ನ ಪಾಲನ್ನು ಕಳೆಯುತ್ತದೆ. ಉದಾಹರಣೆಗೆ ಒಂದು ಪುರಾವೆ 0.6, ಇನ್ನೊಂದು 0.5 ಇದ್ದರೆ ಒಟ್ಟು 1.1 ಆಗುವುದಿಲ್ಲ. ಮೊದಲ ಪುರಾವೆಯ ನಂತರ ಉಳಿದ 0.4ರ ಅರ್ಧದಷ್ಟು ಸೇರಿ 0.8 ಆಗುತ್ತದೆ.

ಯಂತ್ರವನ್ನು ‘ಏಕೆ?’ ಎಂದು ಕೇಳುವ ಹಕ್ಕು

ಮೈಸಿನ್‌ನ ವಿಶೇಷವೆಂದು ಇಂದಿಗೂ ಪರಿಗಣಿತವಾಗಿರುವುದು ಮತ್ತೊಂದು ಅಂಶ. ಪ್ರೋಗ್ರಾಮ್ ಪ್ರಶ್ನೆ ಕೇಳಿದಾಗ ವೈದ್ಯರು ಉತ್ತರಿಸುವ ಬದಲು ‘ಏಕೆ?’ ಎಂದು ಮರುಪ್ರಶ್ನೆ ಹಾಕಬಹುದಿತ್ತು. ಆಗ ಮೈಸಿನ್, ತಾನು ಯಾವ ನಿಯಮವನ್ನು ಪರಿಶೀಲಿಸುತ್ತಿದ್ದೇನೆ, ಈ ಮಾಹಿತಿ ಅದಕ್ಕೆ ಏಕೆ ಅಗತ್ಯ ಎಂಬುದನ್ನು ವಾಕ್ಯಗಳಲ್ಲಿ ವಿವರಿಸುತ್ತಿತ್ತು. ತೀರ್ಮಾನ ಹೊರಬಿದ್ದ ಮೇಲೆ ‘ಹೇಗೆ?’ ಎಂದು ಕೇಳಿದರೆ, ಆ ತೀರ್ಮಾನಕ್ಕೆ ಕಾರಣವಾದ ನಿಯಮಗಳನ್ನು ಮುಂದಿಡುತ್ತಿತ್ತು.

ಹಿರಿಯ ತಜ್ಞರ ಸಲಹೆ ಪಡೆಯುವಾಗ ವೈದ್ಯರು ಕಾರಣ ಕೇಳುತ್ತಾರೆ, ಒಪ್ಪಿಗೆಯಾಗದಿದ್ದರೆ ಬಿಡುತ್ತಾರೆ. ರೋಗಿಗೆ ಉತ್ತರ ಹೇಳಬೇಕಾದವರು ವೈದ್ಯರೇ ಹೊರತು ಯಂತ್ರವಲ್ಲ. ಆದ್ದರಿಂದ ಯಂತ್ರದ ಸಲಹೆಯನ್ನೂ ಪ್ರಶ್ನಿಸುವ ಹಕ್ಕು ವೈದ್ಯರಿಗೆ ಇರಬೇಕು ಎಂಬುದು ಈ ವ್ಯವಸ್ಥೆಯ ಹಿಂದಿದ್ದ ತಾತ್ಪರ್ಯ.

ಯುವ ಕಂಪ್ಯೂಟರ್ ತಜ್ಞರಿಗೆ ಅಮೆರಿಕದ ಕಂಪ್ಯೂಟಿಂಗ್ ಸಂಘಟನೆ ಎಸಿಎಂ ನೀಡುವ ಗ್ರೇಸ್ ಮರೆ ಹಾಪರ್ ಪ್ರಶಸ್ತಿ 1976ರಲ್ಲಿ ಶಾರ್ಟ್‌ಲಿಫ್ ಅವರಿಗೆ ಸಂದಿತು. ಮೈಸಿನ್ ಕುರಿತ ಅವರ ಪುಸ್ತಕ ಪ್ರಕಟವಾದದ್ದೂ ಅದೇ ವರ್ಷ.

1979ರ ಪರೀಕ್ಷೆ: ಮೈಸಿನ್‌ಗೆ ಮೊದಲ ಸ್ಥಾನ

ಮೈಸಿನ್ ನಿಜಕ್ಕೂ ಎಷ್ಟು ಸಮರ್ಥ ಎಂಬುದನ್ನು ಅಳೆದ ಪರೀಕ್ಷೆಯ ಫಲಿತಾಂಶ 1979ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾಯಿತು. ವರದಿಯ ಮೊದಲ ಲೇಖಕರು ವಿಕ್ಟರ್ ಯೂ.

ಮೆದುಳು ಪೊರೆಯ ಸೋಂಕಿಗೆ, ಅಂದರೆ ಮೆನಿಂಜೈಟಿಸ್‌ಗೆ ತುತ್ತಾದ 10 ರೋಗಿಗಳ ವಿವರಗಳನ್ನು ಆಯ್ದುಕೊಳ್ಳಲಾಯಿತು. ಸ್ಟ್ಯಾನ್‌ಫರ್ಡ್‌ನ ಐವರು ತಜ್ಞ ಪ್ರಾಧ್ಯಾಪಕರು, ಸೋಂಕು ರೋಗ ವಿಭಾಗದ ಒಬ್ಬ ಫೆಲೋ, ಒಬ್ಬ ರೆಸಿಡೆಂಟ್ ವೈದ್ಯ ಹಾಗೂ ಒಬ್ಬ ವೈದ್ಯ ವಿದ್ಯಾರ್ಥಿ ಪ್ರತಿ ರೋಗಿಗೂ ಚಿಕಿತ್ಸೆ ಸೂಚಿಸಿದರು. ಇವರ ಜೊತೆಗೆ ಮೈಸಿನ್‌ನ ಸಲಹೆ ಮತ್ತು ಆ ರೋಗಿಗಳಿಗೆ ವಾಸ್ತವವಾಗಿ ನೀಡಲಾಗಿದ್ದ ಚಿಕಿತ್ಸೆಯನ್ನೂ ಸೇರಿಸಲಾಯಿತು. ಹೀಗೆ ಸಿದ್ಧವಾದ ಹತ್ತು ಬಗೆಯ ಸಲಹೆಗಳನ್ನು ಹೊರಗಿನ ಸಂಸ್ಥೆಗಳ ಎಂಟು ಮಂದಿ ತಜ್ಞರ ಮುಂದಿಡಲಾಯಿತು. ಯಾವುದು ಯಂತ್ರದ್ದು, ಯಾವುದು ಮನುಷ್ಯರದ್ದು ಎಂಬುದು ಅವರಿಗೆ ತಿಳಿದಿರಲಿಲ್ಲ.

ಮೈಸಿನ್‌ನ ಸಲಹೆಗಳ ಪೈಕಿ ಶೇ 65ರಷ್ಟು ಒಪ್ಪತಕ್ಕವು ಎಂದು ಪರಿಗಣಿತವಾದವು. ಐವರು ಪ್ರಾಧ್ಯಾಪಕರ ಪ್ರಮಾಣ ಶೇ 42.5ರಿಂದ ಶೇ 62.5ರವರೆಗೆ ಇತ್ತು. ವಿದ್ಯಾರ್ಥಿಗೆ ದೊರೆತದ್ದು ಶೇ 30. ಚಿಕಿತ್ಸೆಗೆ ಬಗ್ಗುವ ಯಾವ ಬ್ಯಾಕ್ಟೀರಿಯಾವನ್ನೂ ಮೈಸಿನ್ ಬಿಟ್ಟಿರಲಿಲ್ಲ. ಅನಗತ್ಯ ಔಷಧಗಳನ್ನು ಹೇರಿರಲೂ ಇಲ್ಲ.

ಈ ಅಂಕಿ ಅಂಶಗಳು ಮತ್ತೊಂದು ಸತ್ಯವನ್ನೂ ಹೊರಗೆಡವಿದವು. ತಜ್ಞರ ತಜ್ಞರೇ ಕುಳಿತು ತೀರ್ಪು ನೀಡಿದಾಗಲೂ ಯಾರೊಬ್ಬರಿಗೂ ಪೂರ್ಣಾಂಕದ ಸಮೀಪ ಬರಲಾಗಲಿಲ್ಲ. ಸರಿಯಾದ ಚಿಕಿತ್ಸೆ ಯಾವುದೆಂಬ ಬಗ್ಗೆ ಪರಿಣತರಲ್ಲಿಯೇ ಒಮ್ಮತ ಇರಲಿಲ್ಲ.

ವಾರ್ಡಿಗೆ ಬಾರದಿರಲು ಕಾರಣಗಳು

ಇಷ್ಟಾದರೂ ಮೈಸಿನ್ ಪ್ರಯೋಗಾಲಯದಲ್ಲಿಯೇ ಉಳಿಯಿತು. ಅದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ.

ಮೈಸಿನ್ ಇದ್ದದ್ದು ಹಲವರು ಹಂಚಿಕೊಂಡು ಬಳಸುತ್ತಿದ್ದ ದೊಡ್ಡ ಗಣಕಯಂತ್ರದಲ್ಲಿ. ವೈಯಕ್ತಿಕ ಕಂಪ್ಯೂಟರ್ ಆಗಿನ್ನೂ ಮನೆಮಾತಾಗಿರಲಿಲ್ಲ. ಆಸ್ಪತ್ರೆಯ ದಾಖಲೆಗಳು ಬಹುತೇಕ ಕಾಗದದ ಮೇಲಿದ್ದುದರಿಂದ, ರೋಗಿಯ ವಿವರಗಳನ್ನೆಲ್ಲ ವೈದ್ಯರೇ ಟರ್ಮಿನಲ್ ಮುಂದೆ ಕುಳಿತು ಒಂದೊಂದಾಗಿ ಬೆರಳಚ್ಚಿಸಬೇಕಿತ್ತು. ಒಬ್ಬ ರೋಗಿಯ ಸಲಹೆಗೆ ಅರ್ಧ ಗಂಟೆಯಷ್ಟು ಸಮಯ ವ್ಯಯವಾಗುತ್ತಿತ್ತು. ವಾರ್ಡಿನಲ್ಲಿ ಹತ್ತಾರು ರೋಗಿಗಳು ಕಾದಿರುವಾಗ ಯಾವ ವೈದ್ಯರಿಗೂ ಅಷ್ಟು ವ್ಯವಧಾನ ಇರುವುದಿಲ್ಲ.

ಅಲ್ಲದೆ ಮೈಸಿನ್‌ಗೆ ತಿಳಿದಿದ್ದು ರಕ್ತದ ಸೋಂಕು ಮತ್ತು ಮೆನಿಂಜೈಟಿಸ್‌ನಂತಹ ಕೆಲವೇ ವಿಷಯಗಳು. ರೋಗಿಗಳು ಹಾಗೆ ವಿಂಗಡಣೆಗೊಂಡು ಬರುವುದಿಲ್ಲ. ಯಂತ್ರದ ಸಲಹೆ ತಪ್ಪಾದಲ್ಲಿ ಹೊಣೆ ಯಾರದು ಎಂಬ ಕಾನೂನಿನ ಪ್ರಶ್ನೆಯೂ ಬಗೆಹರಿದಿರಲಿಲ್ಲ.

ಇದೇ ಅವಧಿಯಲ್ಲಿ ಇತರೆಡೆಯೂ ಇಂತಹ ಪ್ರಯತ್ನಗಳು ನಡೆದಿದ್ದವು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಿ ಡೊಂಬಲ್ ನೇತೃತ್ವದ ತಂಡ, ತೀವ್ರ ಹೊಟ್ಟೆನೋವಿನ 304 ರೋಗಿಗಳ ಅಧ್ಯಯನವನ್ನು 1972ರಲ್ಲಿ ಪ್ರಕಟಿಸಿತ್ತು. ಅದರಲ್ಲಿ ಕಂಪ್ಯೂಟರಿನ ರೋಗ ನಿದಾನ ಶೇ 91.8ರಷ್ಟು ಸರಿಯಾಗಿದ್ದರೆ, ಅತ್ಯಂತ ಹಿರಿಯ ವೈದ್ಯರದ್ದು ಶೇ 79.6ರಷ್ಟು ಸರಿಯಾಗಿತ್ತು. ಪಿಟ್ಸ್‌ಬರ್ಗ್‌ನಲ್ಲಿ ಜ್ಯಾಕ್ ಮೈಯರ್ಸ್ ಮತ್ತು ಹ್ಯಾರಿ ಪೋಪಲ್ ಅವರು ‘ಇಂಟರ್ನಿಸ್ಟ್’ ಎಂಬ ಪ್ರೋಗ್ರಾಮನ್ನು ಕಟ್ಟುತ್ತಿದ್ದರು. ವೈದ್ಯರಿಗಿಂತ ಉತ್ತಮವಾಗಿ ಉತ್ತರಿಸುವುದು ಯಂತ್ರಕ್ಕೆ ಅಸಾಧ್ಯವೇನಲ್ಲ ಎಂಬುದು ಆಗಲೇ ಸಾಬೀತಾಗಿತ್ತು. ಆದರೆ ನಿತ್ಯದ ಬಳಕೆಯ ವಿಷಯ ಬಂದಾಗ ಎಲ್ಲೆಡೆ ಅದೇ ತೊಡಕು.

ವೈದ್ಯರನ್ನೇ ಕೇಳಿದ ಸಮೀಕ್ಷೆ

ಪದವಿಯ ನಂತರ ಶಾರ್ಟ್‌ಲಿಫ್ ಕಂಪ್ಯೂಟರಿಗಷ್ಟೇ ಸೀಮಿತರಾಗಲಿಲ್ಲ. ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆ ಮತ್ತು ಸ್ಟ್ಯಾನ್‌ಫರ್ಡ್‌ನಲ್ಲಿ ಆಂತರಿಕ ವೈದ್ಯಕೀಯ ವಿಭಾಗದ ತರಬೇತಿ ಮುಗಿಸಿ, 1979ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೋಧಕ ವರ್ಗ ಸೇರಿದರು. ರಾತ್ರಿ ಪಾಳಿಯ ವೈದ್ಯರ ಕೆಲಸದ ಒತ್ತಡವನ್ನು ಬಲ್ಲವರೇ ಈಗ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದರು.

ವೈದ್ಯರಿಗೆ ಕಂಪ್ಯೂಟರಿನಿಂದ ಏನು ಬೇಕು ಎಂಬುದನ್ನು ಅವರನ್ನೇ ಕೇಳಿ ತಿಳಿಯಲು ಶಾರ್ಟ್‌ಲಿಫ್, ರ್‍ಯಾಂಡಿ ಟೀಚ್ ಅವರೊಡನೆ ಸಮೀಕ್ಷೆಯೊಂದನ್ನು ಕೈಗೊಂಡು 1981ರಲ್ಲಿ ಪ್ರಕಟಿಸಿದರು. ತನ್ನ ಸಲಹೆಗೆ ಕಾರಣ ಕೊಡುವ ಸಾಮರ್ಥ್ಯ ವೈದ್ಯರ ಬೇಡಿಕೆಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬಂದಿತು. ಯಂತ್ರ ಎಂದಿಗೂ ತಪ್ಪಬಾರದು ಎಂಬ ಬೇಡಿಕೆ ಅದಕ್ಕಿಂತ ಬಹಳ ಕೆಳಗಿತ್ತು. ಮನುಷ್ಯ ತಜ್ಞರೂ ತಪ್ಪುತ್ತಾರೆಂಬುದು ವೈದ್ಯರಿಗೆ ಗೊತ್ತು. ತಪ್ಪನ್ನು ಗುರುತಿಸಲು ಕಾರಣ ತಿಳಿದಿರಬೇಕು ಎಂಬುದು ಅವರ ಅಪೇಕ್ಷೆ.

ಆಂಕೋಸಿನ್: ಚಿಕಿತ್ಸಾಲಯದೊಳಗೆ ಮೊದಲ ಹೆಜ್ಜೆ

ಈ ಪಾಠಗಳ ಫಲವೇ ‘ಆಂಕೋಸಿನ್’. ಕ್ಯಾನ್ಸರ್ ರೋಗಿಗಳಿಗೆ ಕೀಮೋಥೆರಪಿ ನೀಡುವಾಗ ಅನುಸರಿಸಬೇಕಾದ ಕ್ರಮ ಬಹು ಸಂಕೀರ್ಣ. ರಕ್ತಕಣಗಳ ಎಣಿಕೆ ಕುಸಿದರೆ ಔಷಧದ ಪ್ರಮಾಣವನ್ನು ಎಷ್ಟು ತಗ್ಗಿಸಬೇಕು, ಯಾವಾಗ ಮುಂದೂಡಬೇಕು ಎಂಬುದು ಹತ್ತಾರು ಪುಟಗಳ ಕೈಪಿಡಿಗಳಲ್ಲಿ ಇರುತ್ತಿತ್ತು. 1979ರಲ್ಲಿ ಆರಂಭವಾದ ಆಂಕೋಸಿನ್ ಯೋಜನೆ, 1981ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ಯಾನ್ಸರ್ ಹೊರರೋಗಿ ಚಿಕಿತ್ಸಾಲಯದಲ್ಲಿ ಬಳಕೆಗೆ ಬಂದಿತು.

ಇಲ್ಲಿ ಶಾರ್ಟ್‌ಲಿಫ್ ಹಳೆಯ ವಿಧಾನವನ್ನು ತಿರುವುಮುರುವು ಮಾಡಿದರು. ವೈದ್ಯರು ಕಂಪ್ಯೂಟರಿನ ಪ್ರಶ್ನೆಗಳಿಗೆ ಉತ್ತರಿಸುತ್ತ ಕೂರಬೇಕಾಗಿರಲಿಲ್ಲ. ಪ್ರತಿ ಭೇಟಿಯಲ್ಲೂ ಅವರು ಕಾಗದದ ನಮೂನೆಯಲ್ಲಿ ಹೇಗಿದ್ದರೂ ತುಂಬಲೇಬೇಕಿದ್ದ ವಿವರಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ತುಂಬಿದರೆ ಸಾಕು. ಅಷ್ಟರಲ್ಲಿ ಚಿಕಿತ್ಸೆಯ ಸಲಹೆ ಸಿದ್ಧವಾಗುತ್ತಿತ್ತು. ಸಲಹೆ ಒಪ್ಪಿಗೆಯಾಗದಿದ್ದರೆ ವೈದ್ಯರು ಅದನ್ನು ಬದಲಿಸಬಹುದಿತ್ತು. ದಾಖಲೆಗಳು ಮೊದಲಿಗಿಂತ ಹೆಚ್ಚು ಪರಿಪೂರ್ಣವಾಗಿ ಭರ್ತಿಯಾಗತೊಡಗಿದ್ದು ಇದರ ಒಂದು ಲಾಭ. ಮುಂದೆ ಚಿತ್ರರೂಪದ ಪರದೆಯಿರುವ ಕಂಪ್ಯೂಟರುಗಳಿಗೆ ಇದನ್ನು ಅಳವಡಿಸಿ, ವೈದ್ಯರಿಗೆ ಪರಿಚಿತವಾದ ಕಾಗದದ ನಮೂನೆಯನ್ನೇ ಪರದೆಯ ಮೇಲೆ ಮೂಡಿಸಲಾಯಿತು.

ಮೈಸಿನ್ ಸಂತತಿ

ಆಸ್ಪತ್ರೆಯಲ್ಲಿ ಸೋತ ಮೈಸಿನ್, ಕಂಪ್ಯೂಟರ್ ವಿಜ್ಞಾನದಲ್ಲಿ ಬೃಹತ್ ಸಂತತಿಯನ್ನೇ ಬಿಟ್ಟುಹೋಯಿತು. ಅದರಲ್ಲಿದ್ದ ವೈದ್ಯಕೀಯ ನಿಯಮಗಳನ್ನು ತೆಗೆದು, ತರ್ಕಿಸುವ ಭಾಗವನ್ನಷ್ಟೇ ಉಳಿಸಿಕೊಂಡಾಗ ‘ಇಮೈಸಿನ್’ ಸಿದ್ಧವಾಯಿತು. ಅದಕ್ಕೆ ಶ್ವಾಸಕೋಶ ಪರೀಕ್ಷೆಯ ನಿಯಮಗಳನ್ನು ತುಂಬಿ ‘ಪಫ್’ ಎಂಬ ಪ್ರೋಗ್ರಾಮನ್ನು ರಚಿಸಲಾಯಿತು. ಸ್ಯಾನ್‌ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಅದು ನಿತ್ಯದ ಬಳಕೆಗೂ ಬಂದಿತು. ಪರೀಕ್ಷಾ ಯಂತ್ರದಿಂದ ಅಂಕಿಗಳು ನೇರವಾಗಿ ದೊರೆಯುತ್ತಿದ್ದುದರಿಂದ ವೈದ್ಯರು ಬೆರಳಚ್ಚಿಸುವ ಕಷ್ಟ ಅಲ್ಲಿ ಇರಲಿಲ್ಲ ಎಂಬುದು ಗಮನಾರ್ಹ.

1980ರ ದಶಕದಲ್ಲಿ ಉದ್ಯಮ ಜಗತ್ತನ್ನು ಆವರಿಸಿದ ‘ಪರಿಣತ ವ್ಯವಸ್ಥೆ’ಗಳ ಅಲೆಗೆ ಮೈಸಿನ್ ಮಾದರಿಯಾಯಿತು. ಬುಕಾನನ್ ಮತ್ತು ಶಾರ್ಟ್‌ಲಿಫ್ 1984ರಲ್ಲಿ ಸಂಪಾದಿಸಿದ ಬೃಹತ್ ಗ್ರಂಥ ಈ ಪ್ರಯೋಗಗಳನ್ನೆಲ್ಲ ಒಂದೆಡೆ ದಾಖಲಿಸಿದೆ.

ವಿಧಾನದ ದೌರ್ಬಲ್ಯಗಳೂ ಕ್ರಮೇಣ ಬೆಳಕಿಗೆ ಬಂದವು. ಖಚಿತತೆಯ ಅಂಶದ ಲೆಕ್ಕಾಚಾರ, ಪುರಾವೆಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂಬಂತಹ ಊಹೆಗಳನ್ನು ಒಳಗೊಂಡಿದೆ ಎಂಬುದನ್ನು ಸ್ಟ್ಯಾನ್‌ಫರ್ಡ್‌ನ ಇದೇ ವಿಭಾಗದ ವಿದ್ಯಾರ್ಥಿ ಡೇವಿಡ್ ಹೆಕರ್‌ಮನ್ ತೋರಿಸಿಕೊಟ್ಟರು. ಸಂಭವನೀಯತೆಯ ಗಣಿತವನ್ನು ಆಧರಿಸಿದ ಹೊಸ ವಿಧಾನಗಳು ಅದರ ಸ್ಥಾನವನ್ನು ಆಕ್ರಮಿಸಿದವು. ನಿಯಮಗಳ ಸಂಖ್ಯೆ ಬೆಳೆದಂತೆ ಅವುಗಳನ್ನು ನವೀಕರಿಸುವ ಕಾರ್ಯವೂ ದುಸ್ತರವಾಯಿತು.

ಹೊಸ ಪೀಳಿಗೆಯ ಗುರು

ಶಾರ್ಟ್‌ಲಿಫ್ ಅವರ ಅತಿ ದೊಡ್ಡ ಕೊಡುಗೆ ಮೈಸಿನ್ ಅಲ್ಲ, ಅವರು ಕಟ್ಟಿದ ಶಿಕ್ಷಣ ಕ್ರಮ ಎನ್ನುವವರಿದ್ದಾರೆ. ತಾವು ಎರಡು ಪದವಿಗಳ ನಡುವೆ ಓಡಾಡಿ ಕಲಿತದ್ದನ್ನು ಇತರರು ಒಂದೇ ಕಡೆ ಕಲಿಯುವಂತಾಗಲು, 1980ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರತ್ಯೇಕ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿದರು. 1990ರಲ್ಲಿ ಮೊದಲು ಪ್ರಕಟವಾದ ಅವರ ಪಠ್ಯಪುಸ್ತಕ ಈ ಕ್ಷೇತ್ರದ ವಿದ್ಯಾರ್ಥಿಗಳಿಗೆ ಆಧಾರ ಗ್ರಂಥವಾಗಿದ್ದು, ಐದನೆಯ ಆವೃತ್ತಿ 2021ರಲ್ಲಿ ಹೊರಬಂದಿದೆ.

2000ದಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ತೆರಳಿ, ಅಲ್ಲಿನ ವೈದ್ಯಕೀಯ ಮಾಹಿತಿ ವಿಜ್ಞಾನ ವಿಭಾಗದ ಮುಖ್ಯಸ್ಥರಾದರು. 2007ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಫೀನಿಕ್ಸ್ ವೈದ್ಯಕೀಯ ಕಾಲೇಜಿನ ಸಂಸ್ಥಾಪಕ ಡೀನ್ ಆಗಿ ನೇಮಕಗೊಂಡರು. 2009ರಿಂದ 2012ರವರೆಗೆ ಅಮೆರಿಕನ್ ವೈದ್ಯಕೀಯ ಮಾಹಿತಿ ವಿಜ್ಞಾನ ಸಂಘದ ಅಧ್ಯಕ್ಷ ಹಾಗೂ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾಗಿದ್ದರು. ಕ್ಷೇತ್ರದ ಉನ್ನತ ಗೌರವವಾದ ಮಾರಿಸ್ ಕಾಲೆನ್ ಪ್ರಶಸ್ತಿ 2006ರಲ್ಲಿಯೇ ಅವರಿಗೆ ಲಭಿಸಿತ್ತು.

ಹೊಸ ಯಂತ್ರಗಳು, ಬೆಂಗಳೂರಿನ ಕೊಂಡಿ

ಕಳೆದ ದಶಕದಲ್ಲಿ ವೈದ್ಯಕೀಯ ಕೃತಕ ಬುದ್ಧಿಮತ್ತೆಯ ಸ್ವರೂಪವೇ ಬದಲಾಯಿತು. ತಜ್ಞರು ನಿಯಮಗಳನ್ನು ಬರೆದುಕೊಡುವ ಪದ್ಧತಿ ಹಿಂದೆ ಸರಿದು, ಲಕ್ಷಾಂತರ ಉದಾಹರಣೆಗಳಿಂದ ಯಂತ್ರವೇ ಕಲಿಯುವ ಪದ್ಧತಿ ಮುನ್ನೆಲೆಗೆ ಬಂದಿತು.

2016ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಅಧ್ಯಯನ ಇದಕ್ಕೆ ಪ್ರಮುಖ ನಿದರ್ಶನ. ಮಧುಮೇಹದಿಂದ ಅಕ್ಷಿಪಟಲಕ್ಕೆ ಆಗುವ ಹಾನಿಯನ್ನು ಕಣ್ಣಿನ ಛಾಯಾಚಿತ್ರ ನೋಡಿ ಗುರುತಿಸುವಂತೆ ಯಂತ್ರಕ್ಕೆ 1,28,175 ಚಿತ್ರಗಳ ಮೂಲಕ ಕಲಿಸಲಾಯಿತು. ಅಮೆರಿಕದ ಚಿತ್ರಗಳ ಜೊತೆಗೆ ಭಾರತದ ಮೂರು ಕಣ್ಣಿನ ಆಸ್ಪತ್ರೆಗಳ ಚಿತ್ರಗಳನ್ನೂ ಬಳಸಲಾಗಿತ್ತು. ಅರವಿಂದ ಕಣ್ಣಿನ ಆಸ್ಪತ್ರೆ, ಶಂಕರ ನೇತ್ರಾಲಯ ಹಾಗೂ ಬೆಂಗಳೂರಿನ ನಾರಾಯಣ ನೇತ್ರಾಲಯ ಆ ಮೂರು ಸಂಸ್ಥೆಗಳು. ಒಂದು ಪರೀಕ್ಷೆಯಲ್ಲಿ, ತಜ್ಞರಿಗೆ ಕಳುಹಿಸಬೇಕಾದ ಪ್ರಕರಣಗಳ ಪೈಕಿ ಶೇ 97.5ರಷ್ಟನ್ನು ಯಂತ್ರ ಪತ್ತೆ ಹಚ್ಚಿತು.

ಆದರೆ ಈ ಯಂತ್ರವನ್ನು ‘ಏಕೆ?’ ಎಂದು ಕೇಳಿದರೆ ಮೈಸಿನ್‌ನಂತೆ ನಿಯಮವನ್ನು ತೋರಿಸಲಾರದು. ಅದರ ಜ್ಞಾನ ಲಕ್ಷಾಂತರ ಅಂಕಿಗಳಲ್ಲಿ ಹರಡಿಕೊಂಡಿದೆ. ಉತ್ತರದ ಗುಣಮಟ್ಟ ಏರಿದೆ, ಕಾರಣ ಹೇಳುವ ಶಕ್ತಿ ಇಳಿದಿದೆ.

ಬಳಕೆಯ ತೊಡಕುಗಳೂ ಮರುಕಳಿಸಿವೆ. ಇದೇ ಕಣ್ಣಿನ ತಂತ್ರಜ್ಞಾನವನ್ನು ಥಾಯ್ಲೆಂಡಿನ ಚಿಕಿತ್ಸಾಲಯಗಳಲ್ಲಿ ಪ್ರಯೋಗಿಸಿದಾಗ, ದಾದಿಯರು ತೆಗೆದ 1,838 ಚಿತ್ರಗಳ ಪೈಕಿ ಶೇ 21ರಷ್ಟನ್ನು ಗುಣಮಟ್ಟ ಸಾಲದೆಂದು ಯಂತ್ರ ತಿರಸ್ಕರಿಸಿದ ಸಂಗತಿ 2020ರಲ್ಲಿ ವರದಿಯಾಯಿತು. ಕೋಣೆಯ ಬೆಳಕು, ಇಂಟರ್‌ನೆಟ್ ವೇಗದಂತಹ ಸಣ್ಣ ವಿಷಯಗಳೇ ಅಲ್ಲಿ ದೊಡ್ಡದಾದವು. ರಕ್ತದ ನಂಜು ಏರುತ್ತಿರುವ ರೋಗಿಗಳನ್ನು ಮುಂಚಿತವಾಗಿ ಗುರುತಿಸಲು ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಅಳವಡಿಸಲಾಗಿದ್ದ ತಂತ್ರಾಂಶವೊಂದನ್ನು ಮಿಚಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ನಂಜಿನ ಪ್ರಕರಣಗಳ ಪೈಕಿ ಶೇ 67ರಷ್ಟನ್ನು ಅದು ಗುರುತಿಸಿರಲಿಲ್ಲ. ಆದರೂ ದಾಖಲಾತಿಗಳ ಶೇ 18ರಷ್ಟರಲ್ಲಿ ಎಚ್ಚರಿಕೆ ನೀಡಿ ವೈದ್ಯರ ಗಮನ ಸೆಳೆದಿತ್ತು.

ಆರು ಷರತ್ತುಗಳು

ಮೈಸಿನ್ ಪರೀಕ್ಷೆಯ ವರದಿ ಪ್ರಕಟವಾಗಿ 39 ವರ್ಷಗಳ ನಂತರ, ಅದೇ ನಿಯತಕಾಲಿಕದಲ್ಲಿ ಶಾರ್ಟ್‌ಲಿಫ್ ಅವರು ಮಾರ್ಟಿನ್ ಸೆಪುಲ್ವೆದಾ ಜೊತೆಗೂಡಿ 2018ರಲ್ಲಿ ಲೇಖನವೊಂದನ್ನು ಬರೆದರು. ವೈದ್ಯರಿಗೆ ನೆರವಾಗುವ ತಂತ್ರಾಂಶ ಹೇಗಿರಬೇಕು ಎಂಬ ಬಗ್ಗೆ ಅವರು ಮುಂದಿಟ್ಟ ಷರತ್ತುಗಳ ಸಾರಾಂಶ ಹೀಗಿದೆ:

- ಕಾರಣ ತಿಳಿಸದ, ಒಳಗೇನಿದೆ ಎಂದು ಕಾಣದ ಯಂತ್ರ ಒಪ್ಪತಕ್ಕದ್ದಲ್ಲ.
- ವೈದ್ಯರ ಸಮಯ ಅಮೂಲ್ಯ. ತಂತ್ರಾಂಶ ಅದನ್ನು ಉಳಿಸಬೇಕು.
- ಬಳಸಲು ಸರಳವಾಗಿರಬೇಕು.
- ಸಲಹೆ ಎದುರಿಗಿರುವ ರೋಗಿಗೆ ಪ್ರಸ್ತುತವಾಗಿರಬೇಕು.
- ವೈದ್ಯರ ಪರಿಣತಿಯನ್ನು ಗೌರವಿಸುವಂತಿರಬೇಕು. ನೆರವಿನ ಧಾಟಿ ಇರಬೇಕೇ ಹೊರತು ಅಪ್ಪಣೆಯ ಧಾಟಿಯಲ್ಲ.
- ಸಲಹೆಯ ಹಿಂದೆ ಗಟ್ಟಿಯಾದ ವೈಜ್ಞಾನಿಕ ಆಧಾರ ಇರಬೇಕು.

ಈ ಆರು ಅಂಶಗಳ ಪೈಕಿ ಬಹುತೇಕವು ಮೈಸಿನ್ ಮತ್ತು ಆಂಕೋಸಿನ್ ಕಾಲದಲ್ಲಿಯೇ ಕಲಿತ ಪಾಠಗಳು. ಕಂಪ್ಯೂಟರಿನ ವೇಗ ಊಹೆಗೂ ಮೀರಿ ಬೆಳೆದರೂ ಆ ಪಾಠಗಳು ಹಳೆಯದಾಗಿಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಇಂದು ಜಗತ್ತಿನ ಆರೋಗ್ಯ ಕ್ಷೇತ್ರವನ್ನು ಕಾಡುತ್ತಿದ್ದು, ಮೈಸಿನ್ ಬಿಡಿಸಲು ಹೊರಟಿದ್ದ ಮೂಲ ಸಮಸ್ಯೆಯೂ ಹಾಗೆಯೇ ಉಳಿದಿದೆ.

ಹೊಸ ತಂತ್ರಾಂಶ ತಜ್ಞರನ್ನು ಮೀರಿಸಿತು ಎಂಬ ಸುದ್ದಿ ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆಗಳು ಎರಡು. ಅದು ಯಾವ ಆಸ್ಪತ್ರೆಯಲ್ಲಿ, ಎಂತಹ ಕೆಲಸದ ಒತ್ತಡದ ನಡುವೆ ಬಳಕೆಯಾಗಲಿದೆ? ಅದರ ಸಲಹೆ ತಪ್ಪೆಂದು ಅನುಮಾನ ಬಂದರೆ ವೈದ್ಯರು ಕಾರಣ ಕೇಳಬಹುದೇ? 1979ರಲ್ಲಿ ಮೊದಲ ಸ್ಥಾನ ಗಳಿಸಿದ ಪ್ರೋಗ್ರಾಮಿನ ಬಳಿ ಎರಡನೆಯ ಪ್ರಶ್ನೆಗೆ ಉತ್ತರವಿತ್ತು, ಮೊದಲನೆಯದಕ್ಕೆ ಇರಲಿಲ್ಲ. ರೋಗಿಗೆ ಪ್ರಯೋಜನವಾಗಬೇಕಾದರೆ ಎರಡಕ್ಕೂ ಉತ್ತರ ಬೇಕು.

ಪ್ರಮುಖ ಘಟ್ಟಗಳು

1947: ಕೆನಡಾದಲ್ಲಿ ಜನನ
1970: ಹಾರ್ವರ್ಡ್‌ನಿಂದ ಅನ್ವಯಿಕ ಗಣಿತದಲ್ಲಿ ಪದವಿ
1975: ಸ್ಟ್ಯಾನ್‌ಫರ್ಡ್‌ನಿಂದ ಡಾಕ್ಟರೇಟ್, ಖಚಿತತೆಯ ಅಂಶ ಕುರಿತ ಪ್ರಬಂಧ
1976: ವೈದ್ಯ ಪದವಿ, ಗ್ರೇಸ್ ಮರೆ ಹಾಪರ್ ಪ್ರಶಸ್ತಿ
1979: ಸ್ಟ್ಯಾನ್‌ಫರ್ಡ್ ಬೋಧಕ ವರ್ಗಕ್ಕೆ ಸೇರ್ಪಡೆ, ಮೈಸಿನ್ ಪರೀಕ್ಷೆಯ ವರದಿ
1981: ಆಂಕೋಸಿನ್ ಬಳಕೆ ಆರಂಭ, ವೈದ್ಯರ ಸಮೀಕ್ಷೆ ಪ್ರಕಟ
1990: ಪಠ್ಯಪುಸ್ತಕದ ಮೊದಲ ಆವೃತ್ತಿ
2000: ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ
2006: ಮಾರಿಸ್ ಕಾಲೆನ್ ಪ್ರಶಸ್ತಿ
2007: ಫೀನಿಕ್ಸ್ ವೈದ್ಯಕೀಯ ಕಾಲೇಜಿನ ಸಂಸ್ಥಾಪಕ ಡೀನ್
2009–2012: ಅಮೆರಿಕನ್ ವೈದ್ಯಕೀಯ ಮಾಹಿತಿ ವಿಜ್ಞಾನ ಸಂಘದ ಸಾರಥ್ಯ
2018: ವೈದ್ಯರಿಗೆ ನೆರವಾಗುವ ತಂತ್ರಾಂಶಗಳಿಗೆ ಆರು ಷರತ್ತುಗಳ ಲೇಖನ